13 ವರ್ಷದ ರೂಬಿ ಏಳಲಾರದೆ ಒದ್ದಾಡುತ್ತಿದ್ದಾಳೆ, ಕಳಿಸಿಕೊಡುವ ಸಮಯ ಬಂತಾ ಡಾಕ್ಟರೇ?

ಪ್ರಶ್ನೆ: ಡಾಕ್ಟರೇ, ನಮ್ಮ ಮನೆ ಕೊಡಗಿನ ಸಿದ್ದಾಪುರದ ಹತ್ತಿರ, ತೋಟದ ಒಳಗೆ. ನಮ್ಮ ಲ್ಯಾಬ್ರಡಾರ್ ನಾಯಿ ರೂಬಿಗೆ ಈ ಪುತ್ತರಿ ಹಬ್ಬಕ್ಕೆ 13 ತುಂಬುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅವಳ ಹಿಂಗಾಲು ಸೋತಿವೆ. ಏಳಬೇಕಾದರೆ ಮೂರು ನಾಲ್ಕು ಸಲ ಜಾರುತ್ತಾಳೆ. ಕೆಲವು ದಿನ ಮಲಗಿದಲ್ಲೇ ಮೂತ್ರ ಆಗುತ್ತದೆ. ನೀರು ಜಾಸ್ತಿ ಕುಡಿಯುತ್ತಾಳೆ, ಊಟ ಅರ್ಧಕ್ಕರ್ಧ. ರಾತ್ರಿ ಎದ್ದು ಮನೆಯೆಲ್ಲ ಸುತ್ತಿ ಬಾಗಿಲ ಹಿಂದೆ ಹೋಗಿ ನಿಲ್ಲುತ್ತಾಳೆ, ಗೋಡೆ ನೋಡಿ ಬೊಗಳುತ್ತಾಳೆ. ಆದರೆ ಮಗನ ಸ್ಕೂಲ್ ವ್ಯಾನ್ ಸದ್ದಾದರೆ ಈಗಲೂ ಬಾಲ ಆಡಿಸುತ್ತಾಳೆ. ಯಜಮಾನರು ನಮ್ಮ ಮಂಡಿನೋವಿನ ಮಾತ್ರೆಯನ್ನೇ ಅರ್ಧ ಕೊಡೋಣ ಅಂತಾರೆ. ಅತ್ತೆ, "ಅಳ್ತಾ ಇಲ್ವಲ್ಲ, ನೋವಿಲ್ಲ. ಕಾಲ ಬಂದರೆ ನಾಯಿ ತಾನೇ ಮನೆ ಬಿಟ್ಟು ಹೋಗುತ್ತೆ. ಸೂಜಿ ಹಾಕಿಸೋದು ಪಾಪ" ಅಂತಾರೆ. ಮಾವ, "ನಮ್ಮ ಕಾಲದಲ್ಲಾದರೆ ಕೋವಿ ಇತ್ತು" ಎಂದು ಹೇಳಿ ಎದ್ದು ಹೋದರು. ಮಗನಿಗೆ 8 ವರ್ಷ, ಅವನಿಗೆ ಏನು ಹೇಳಲಿ? ಮನೆಯಲ್ಲಿ ಇನ್ನೊಂದು ನಾಯಿಯೂ ಇದೆ. ನಾನು ರೂಬಿಯನ್ನು ಉಳಿಸಿಕೊಂಡಿರುವುದು ಅವಳಿಗಾಗಿಯಾ, ನನಗಾಗಿಯಾ, ಅದೇ ತಿಳಿಯುತ್ತಿಲ್ಲ.

ಉತ್ತರ: ನಿಮ್ಮ ಕಾಗದ ಎರಡು ಸಲ ಓದಿದೆ. ಎರಡನೇ ಸಲ ಒಂದು ವಿಷಯ ಎದ್ದು ಕಂಡಿತು. ಮಳೆ ಹಿಡಿದಾಗಿನಿಂದ ನಿಮ್ಮ ಮನೆಯಲ್ಲಿ ಎಲ್ಲರೂ ರೂಬಿಯನ್ನು ಕಳಿಸಿಕೊಡಬೇಕಾ ಬೇಡವಾ ಎಂದು ಯೋಚಿಸುತ್ತಿದ್ದೀರಿ. ಆದರೆ ಅವಳ ನೋವಿಗೆ ಇನ್ನೂ ಯಾರೂ ಮದ್ದು ಕೊಟ್ಟಿಲ್ಲ. ಹಾಗಾಗಿ ಮೊದಲು ಮದ್ದಿನ ಮಾತು ಆಡೋಣ. ಕಳಿಸಿಕೊಡುವ ಮಾತಿಗೂ ಬರುತ್ತೇನೆ, ಅದನ್ನು ತಪ್ಪಿಸುವುದಿಲ್ಲ.

ಅದಕ್ಕೂ ಮೊದಲು, ಇವತ್ತೇ ಪಾಲಿಸಬೇಕಾದ ಒಂದು ಮಾತು. ನಿಮ್ಮ ಮಂಡಿನೋವಿನ ಮಾತ್ರೆ ಅವಳಿಗೆ ಬೇಡ. ಅರ್ಧವೂ ಬೇಡ, ಕಾಲು ಭಾಗವೂ ಬೇಡ. ನಾವು ತಿನ್ನುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಅಳತೆ ತಪ್ಪಿದರೆ ಲಿವರ್‌ಗೆ ಹೊಡೆತ. ಪ್ರೀತಿಯಿಂದ ಕೊಟ್ಟ ಒಂದು ಮಾತ್ರೆಯಿಂದ ಹೋದ ನಾಯಿಗಳನ್ನು ನಾನು ನೋಡಿದ್ದೇನೆ. ಆ ಮನೆಯವರ ಮುಖ ಮರೆಯುವುದು ಕಷ್ಟ. ಈಗಾಗಲೇ ಕೊಟ್ಟಿದ್ದರೆ ಮುಚ್ಚಿಡಬೇಡಿ, ಯಾವ ಮಾತ್ರೆ, ಎಷ್ಟು, ಯಾವಾಗ ಎಂದು ಡಾಕ್ಟರಿಗೆ ಹೇಳಿ. ವಾಂತಿ ಆದರೆ, ಮಲ ಟಾರಿನ ಹಾಗೆ ಕಪ್ಪಗಿದ್ದರೆ ಕಾಯಬೇಡಿ, ಆಗಲೇ ಹೊರಡಿ.

ಈಗ ಅತ್ತೆಯವರ ಮಾತಿಗೆ ಬರುತ್ತೇನೆ. ಅವರು ಹೇಳಿದ್ದು ನಮ್ಮ ಕಡೆ ಎಲ್ಲರೂ ನಂಬಿರುವ ಮಾತೇ. ನಾಯಿ ಅಳುವುದು, ಕುಂಯ್‌ಗುಡುವುದು ಸಾಮಾನ್ಯವಾಗಿ ತಕ್ಷಣದ ನೋವಿಗೆ. ಕಾಲು ತುಳಿದರೆ, ಕಣಜ ಕಚ್ಚಿದರೆ. ತಿಂಗಳುಗಟ್ಟಲೆ ಇರುವ ಕೀಲುನೋವನ್ನು ಅದು ಸದ್ದಿಲ್ಲದೆ ನುಂಗಿಕೊಳ್ಳುತ್ತದೆ. ಆ ನೋವು ಬಾಯಲ್ಲಿ ಬರುವುದಿಲ್ಲ, ಮೈಯಲ್ಲಿ ಕಾಣುತ್ತದೆ. ಇವತ್ತು ಸಂಜೆ ರೂಬಿಯ ಪಕ್ಕ ಕೂತು ನೋಡಿ. ಓಡಾಡದೆ ಸುಮ್ನೆ ಮಲಗಿದ್ದರೂ ಏದುಸಿರು ಬಿಡುತ್ತಾಳಾ? ಒಂದೇ ಜಾಗ ನೆಕ್ಕಿ ನೆಕ್ಕಿ ಅಲ್ಲಿನ ಕೂದಲು ಕೆಂಪಗಾಗಿದೆಯಾ? ತೊಡೆಯ ಮೇಲೆ ಕೈ ಆಡಿಸಿ, ಮಾಂಸ ಕರಗಿ ಮೂಳೆ ಸಿಗುತ್ತಿದೆಯಾ? ಹಿಂಗಾಲಿನ ಉಗುರು ನೋಡಿ. ಕಾಲು ಎಳೆದು ನಡೆಯುವ ನಾಯಿಗೆ ನಡುವಿನ ಉಗುರುಗಳ ಮೇಲ್ಭಾಗ ಸವೆದು ಚಪ್ಪಟೆ ಆಗಿರುತ್ತದೆ. ಇವೆಲ್ಲ ಅವಳ ಅಳುವೇ.

ಬಾಲದ ವಿಷಯವೂ ಹಾಗೇ. ಬಾಲ ಆಡಿಸುವುದು ಮಗನ ಮೇಲಿನ ಪ್ರೀತಿಗೆ ಸಾಕ್ಷಿ. ಅಷ್ಟರಿಂದಲೇ ನೋವಿಲ್ಲ ಎಂದುಕೊಳ್ಳಬೇಡಿ. ಎಷ್ಟೋ ನಾಯಿಗಳು ಕೊನೆಯ ದಿನ ನನ್ನ ಮುಂದೆಯೇ ಮನೆಯವರಿಗೆ ಬಾಲ ಆಡಿಸಿವೆ.

"ಕಾಲ ಬಂದರೆ ಮನೆ ಬಿಟ್ಟು ಹೋಗುತ್ತೆ" ಎಂಬ ಮಾತು ಬಂದದ್ದು ನಿಜವಾಗಿ ನಡೆದ ಸಂಗತಿಗಳಿಂದಲೇ. ಹುಷಾರಿಲ್ಲದ ನಾಯಿ ಸದ್ದಿಲ್ಲದ ಜಾಗ ಹುಡುಕಿ ಗಿಡದ ಬುಡದಲ್ಲಿ ಮಲಗುತ್ತದೆ. ಆಮೇಲೆ ಏಳಲು ಆಗುವುದಿಲ್ಲ. ಮನಸ್ಸು ಮಂಕಾದ ಮುದಿ ನಾಯಿಗೆ ಹೋದ ದಾರಿಯೇ ಮರೆಯುತ್ತದೆ. ನಮ್ಮ ತೋಟಗಳಲ್ಲಿ ಚಿರತೆಯ ಓಡಾಟ ಬೇರೆ. ಕಿವಿ ಕೇಳದ ಮುದಿ ನಾಯಿ ಅದಕ್ಕೆ ಸುಲಭದ ಊಟ. ಹಾಗಾಗಿ ರೂಬಿ ರಾತ್ರಿ ಜಗಲಿಯಲ್ಲೂ ಮಲಗುವುದು ಬೇಡ. ಒಳಗೆ ಕರೆದುಕೊಳ್ಳಿ.

ಇನ್ನು ಕಾರಣಗಳು. "ವಯಸ್ಸಾಯ್ತು" ಎನ್ನುವುದು ರೋಗದ ಹೆಸರಲ್ಲ. ಲ್ಯಾಬ್ರಡಾರಿಗೆ 13 ದೊಡ್ಡ ವಯಸ್ಸು ಎನ್ನುವುದು ನಿಜ. ನಾಯಿಯ ಒಂದು ವರ್ಷ ನಮ್ಮ ಏಳು ವರ್ಷ ಎಂಬ ಲೆಕ್ಕ ಎಲ್ಲ ನಾಯಿಗೂ ಕೂಡುವುದಿಲ್ಲ. ದೊಡ್ಡ ಜಾತಿಯವಕ್ಕೆ ಬೇಗ ವಯಸ್ಸಾಗುತ್ತದೆ, ಚಿಕ್ಕವು ನಿಧಾನ. ಆದರೂ ನೀವು ಬರೆದ ಒಂದೊಂದು ಲಕ್ಷಣದ ಹಿಂದೆಯೂ ಒಂದೊಂದು ಕಾರಣ ಇರಬಹುದು, ಕೆಲವಕ್ಕೆ ಮದ್ದಿದೆ.

ಹಿಂಗಾಲು ಸೋತಿರುವುದಕ್ಕೆ ಮೊದಲ ಅನುಮಾನ ಸೊಂಟ, ಮಂಡಿಯ ಕೀಲು ಸವೆತ. ಲ್ಯಾಬ್ರಡಾರುಗಳಿಗೆ ಇದು ಬಹಳ ಸಾಮಾನ್ಯ. ಮಳೆಗಾಲದ ತಂಡಿಗೆ ಇದು ಹೆಚ್ಚಾಗುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಬೆನ್ನುಹುರಿಯ ತೊಂದರೆಯೂ ಇರಬಹುದು, ಅದನ್ನು ಕೈಯಿಂದ ಪರೀಕ್ಷೆ ಮಾಡಿಯೇ ನೋಡಬೇಕು.

ನನಗೆ ಹೆಚ್ಚು ಯೋಚನೆ ಆಗಿರುವುದು ಆ ನೀರಿನ ವಿಷಯ. ನೀರು ಜಾಸ್ತಿ, ಊಟ ಕಡಿಮೆ, ಮಲಗಿದಲ್ಲೇ ಮೂತ್ರ. ಕಿಡ್ನಿ ಸೋತರೂ ಹೀಗಾಗುತ್ತದೆ, ಸಕ್ಕರೆ ಕಾಯಿಲೆಯಲ್ಲೂ ನೀರು, ಮೂತ್ರ ಎರಡೂ ಹೆಚ್ಚುತ್ತವೆ. ಅವಳಿಗೆ ಮರಿ ಆಗದಂತೆ ಆಪರೇಷನ್ ಮಾಡಿಸಿದ್ದೀರೋ ಇಲ್ಲವೋ ಬರೆದಿಲ್ಲ. ಮಾಡಿಸಿಲ್ಲವಾದರೆ ಗರ್ಭಕೋಶದಲ್ಲಿ ಕೀವು ತುಂಬಿರುವ ಸಾಧ್ಯತೆಯೂ ಇದೆ. ಬೆದೆ ಮುಗಿದ ಕೆಲವು ವಾರಗಳಲ್ಲಿ ಇದು ಬರುತ್ತದೆ, ಕೆಲವು ಸಲ ಹೊರಗೆ ಕೀವು ಕಾಣುವುದೇ ಇಲ್ಲ. ಹಾಗಾಗಿ ರಕ್ತ, ಮೂತ್ರ ಪರೀಕ್ಷೆ, ಸಾಧ್ಯವಾದರೆ ಸ್ಕ್ಯಾನ್ ಈ ವಾರವೇ ಆಗಲಿ. ನೋವಿನ ಮದ್ದು ಶುರು ಮಾಡಲೂ ಕಿಡ್ನಿ ಹೇಗಿದೆ ಎಂದು ಗೊತ್ತಿರಬೇಕು.

ಉಣ್ಣಿ ಜ್ವರವನ್ನೂ ಮರೆಯಬೇಡಿ. ಕೆಲವು ವರ್ಷಗಳ ಹಿಂದೆ ನಾಪೋಕ್ಲು ಕಡೆಯ ಒಬ್ಬರು 11 ವರ್ಷದ ನಾಯಿಯನ್ನು ಪಿಕಪ್‌ನಲ್ಲಿ ಗೋಣಿಯ ಮೇಲೆ ಮಲಗಿಸಿ ತಂದಿದ್ದರು. ತೋಟದಲ್ಲಿ ಗುಂಡಿ ತೋಡಿಸಿಟ್ಟೇ ಬಂದಿದ್ದರು. ನಾಯಿ ತಲೆ ಎತ್ತುತ್ತಿರಲಿಲ್ಲ. ತುಟಿ ಎತ್ತಿ ನೋಡಿದೆ, ಒಸಡು ಕಾಗದದ ಹಾಗೆ ಬಿಳಿ. ಕಿವಿಯ ಮಡಿಕೆ ಬಿಡಿಸಿದರೆ ಒಳಗೆ ಉಣ್ಣಿ, ಹಲಸಿನ ಬೀಜ ಜೋಡಿಸಿದ ಹಾಗೆ. ಉಣ್ಣಿಯಿಂದ ಬರುವ ಎರ್ಲಿಕಿಯಾ, ಬಬೇಸಿಯಾ ಎಂಬ ಸೋಂಕುಗಳು ರಕ್ತವನ್ನು ಬರಿದು ಮಾಡುತ್ತವೆ. ಎರ್ಲಿಕಿಯಾದಲ್ಲಿ ಕೀಲುಗಳೂ ನೋಯಬಹುದು. ಮುದಿ ನಾಯಿಯಲ್ಲಿ ಅದು ಥೇಟ್ ಮುಪ್ಪಿನ ಹಾಗೇ ಕಾಣುತ್ತದೆ. ರಕ್ತ ಪರೀಕ್ಷೆಯಲ್ಲಿ ಎರ್ಲಿಕಿಯಾ ಸಿಕ್ಕಿತು. 28 ದಿನ ಡಾಕ್ಸಿಸೈಕ್ಲಿನ್ ನುಂಗಿದ ಆ ನಾಯಿ ಮುಂದೆ ಎರಡು ಕಾಫಿ ಕೊಯ್ಲು ನೋಡಿತು. ಗುಂಡಿಯಲ್ಲಿ ಬಾಳೆ ನೆಟ್ಟರಂತೆ.

ರೂಬಿಗೂ ಹೀಗೇ ಆಗುತ್ತದೆ ಎಂದು ನಾನು ಮಾತು ಕೊಡಲಾರೆ. ನೋಡದೆ ಕೈಬಿಡುವುದು ಬೇಡ, ಅಷ್ಟೇ.

ರಾತ್ರಿಯ ಸುತ್ತಾಟಕ್ಕೆ ಎರಡು ಕಾರಣ ಇರಬಹುದು. ಒಂದೇ ಕಡೆ ಮಲಗಿದರೆ ಕೀಲು ಬಿಗಿದು ನೋವು ಏಳುತ್ತದೆ, ಅದಕ್ಕೆ ಎದ್ದು ಸುತ್ತುವುದು. ಇನ್ನೊಂದು, ನಮ್ಮ ಹಿರಿಯರಿಗೆ ಬರುವ ಮರೆವಿನ ಹಾಗೆ ನಾಯಿಗೂ ಬರುತ್ತದೆ. ಬಾಗಿಲಿನ ತೆರೆಯುವ ಕಡೆ ಬಿಟ್ಟು ತಿರುಗಣಿ ಇರುವ ಕಡೆ ಮೂತಿ ಇಟ್ಟು ನಿಂತುಬಿಡುತ್ತಾಳಾ? ಮೂಲೆಗೆ ಹೊಕ್ಕು ಹಿಂದೆ ಸರಿಯಲು ತಿಳಿಯುವುದಿಲ್ಲವಾ? ಹಾಗಿದ್ದರೆ ಇದು ಮರೆವೇ ಇರಬಹುದು. ಪೂರ್ತಿ ಗುಣವಾಗುವುದಿಲ್ಲ, ಮದ್ದಿನಿಂದ ಸ್ವಲ್ಪ ತಗ್ಗುತ್ತದೆ. ರಾತ್ರಿ ಒಂದು ಸಣ್ಣ ದೀಪ ಉರಿಯಲಿ, ಮನೆಯ ಸಾಮಾನು ಜಾಗ ಬದಲಿಸಬೇಡಿ. ಹಗಲು ಹತ್ತು ನಿಮಿಷವಾದರೂ ಹೊರಗೆ ಬೆಳಕಿನಲ್ಲಿ ಇರಲಿ.

ಮನೆಯೊಳಗೆ ನೀವೇ ಮಾಡಬಹುದಾದದ್ದು ಬಹಳ ಇದೆ. ನಮ್ಮ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ಕನ್ನಡಿ ಇದ್ದ ಹಾಗೆ. ಸೋತ ಕಾಲಿಗೆ ಅಲ್ಲಿ ಹಿಡಿತವೇ ಸಿಗುವುದಿಲ್ಲ. ಅವಳು ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ಕಾಫಿ ಗೋಣಿಗಳನ್ನು ಸಾಲಾಗಿ ಹಾಸಿ, ಸರಿಯದಂತೆ ಅಂಚು ಕಟ್ಟಿ. ಬಟ್ಟಲನ್ನು ಇಟ್ಟಿಗೆಯ ಮೇಲಿಡಿ. ಪಂಜದ ನಡುವಿನ ಕೂದಲು ಕತ್ತರಿಸಿ. ಏಳುವಾಗ ಹೊಟ್ಟೆಯ ಕೆಳಗೆ ಒಂದು ಟವೆಲ್ ತೂರಿಸಿ ಎತ್ತಿ ಹಿಡಿದರೆ ಅವಳ ಅರ್ಧ ಕಷ್ಟ ಇಳಿಯುತ್ತದೆ. ಈ ಚಳಿಗೆ ಬಚ್ಚಲೊಲೆಯ ಮುಂದೆ ಮಲಗುವುದು ಅವಳಿಗೆ ಇಷ್ಟ ಇರಬಹುದು, ಮಲಗಲಿ. ಆದರೆ ನಡುವೆ ಒಂದು ಅಡ್ಡ ಇಡಿ. ಮುದಿ ನಾಯಿಗಳಿಗೆ ಕೆಂಡ ಸಿಡಿದರೂ ಬೇಗ ಸರಿಯಲು ಆಗುವುದಿಲ್ಲ. ಮೈತೂಕ ಹೆಚ್ಚಿದ್ದರೆ, ಊಟ ಮೊದಲಿನ ಹಾಗೆ ಆದ ಮೇಲೆ ಅನ್ನ ಕಡಿಮೆ ಮಾಡಿ. ಇದರಿಂದ ಕೀಲಿನ ಮೇಲಿನ ಭಾರ ಇಳಿಯುತ್ತದೆ.

ಪರೀಕ್ಷೆ ಆಗಿ ಕಿಡ್ನಿ, ಲಿವರ್ ತಡೆಯುತ್ತದೆ ಎಂದಾದರೆ ನಾಯಿಗೆಂದೇ ಇರುವ ನೋವಿನ ಮದ್ದುಗಳಿವೆ. ಅದೂ ತೂಕ ನೋಡಿ, ಡಾಕ್ಟರು ಹೇಳಿದ ಅಳತೆಯಲ್ಲಿ. ಹದಿನೈದು ದಿನ ಕೊಟ್ಟು ನೋಡಿ. ಆ ಹದಿನೈದು ದಿನದ ರೂಬಿ ನಿಮ್ಮ ಪ್ರಶ್ನೆಗೆ ನನಗಿಂತ ಚೆನ್ನಾಗಿ ಉತ್ತರ ಕೊಡುತ್ತಾಳೆ.

ಒಂದು ಕ್ಯಾಲೆಂಡರ್ ಅಡುಗೆಮನೆಯ ಗೋಡೆಗೆ ಹಾಕಿ. ಅವಳಿಗೆ ಜೀವನದಲ್ಲಿ ಇಷ್ಟವಾದ ಮೂರು ಕೆಲಸ ಬರೆದುಕೊಳ್ಳಿ. ವ್ಯಾನಿಗೆ ಗೇಟಿನವರೆಗೆ ಹೋಗುವುದು, ಮೀನು ಕೊಯ್ಯುವಾಗ ಪಕ್ಕ ಕೂರುವುದು, ಕಣದಲ್ಲಿ ಬಿಸಿಲಿಗೆ ಹೊರಳುವುದು, ಹೀಗೆ ಯಾವುದಾದರೂ. ರಾತ್ರಿ ಮಲಗುವ ಮುಂಚೆ ಮನೆಯವರೆಲ್ಲ ಒಟ್ಟಿಗೆ ನೋಡಿ ಒಳ್ಳೆಯ ದಿನಕ್ಕೆ ಸರಿ ಗುರುತು, ಕೆಟ್ಟ ದಿನಕ್ಕೆ ಅಡ್ಡ ಗೆರೆ ಹಾಕಿ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ ಇದಕ್ಕೆಂದೇ ಒಂದು ಅಳತೆ ಮಾಡಿದ್ದಾರೆ. ನೋವು, ಹಸಿವು, ನೀರು, ಶುಚಿ, ಖುಷಿ, ನಡಿಗೆ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಜಾಸ್ತಿಯಾ ಎನ್ನುವ ಏಳು ವಿಷಯಕ್ಕೆ ಹತ್ತತ್ತು ಅಂಕ. ಒಟ್ಟು 35 ದಾಟಿದರೆ ಮುಂದುವರಿಸಬಹುದು ಎನ್ನುತ್ತಾರೆ. ನನಗೆ ಅಂಕಕ್ಕಿಂತ ಕ್ಯಾಲೆಂಡರ್ ಹೆಚ್ಚು ಉಪಯೋಗಕ್ಕೆ ಬಂದಿದೆ. ದಿನಾ ನೋಡುವ ಕಣ್ಣಿಗೆ ಇಳಿತ ಗೊತ್ತಾಗುವುದಿಲ್ಲ. ಅಡ್ಡ ಗೆರೆಗಳು ಸಾಲಾಗಿ ನಿಂತಾಗ ಗೊತ್ತಾಗುತ್ತದೆ.

ಅವಳಿಗಾಗಿಯಾ ನನಗಾಗಿಯಾ ಎಂದು ಕೇಳಿದ್ದೀರಿ. ನನ್ನದೇ ಮನೆಯ ಸಂಗತಿ ಹೇಳುತ್ತೇನೆ. ನಮ್ಮ ನಾಯಿಗೆ ಕಿಡ್ನಿ ಪೂರ್ತಿ ಸೋತಿತ್ತು. ನಾನೇ ಡ್ರಿಪ್ ಹಾಕುತ್ತಿದ್ದೆ. ಏಳನೇ ದಿನ ಬೆಳಗ್ಗೆ ಕೈಯಲ್ಲಿ ಕೋಳಿ ಸಾರು ಹಿಡಿದು ಹೋದೆ. ಅವನು ನನ್ನ ಕೈ ನೋಡಿ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಹೇಳಬೇಕಾದ್ದನ್ನು ಹೇಳಿಬಿಟ್ಟಿದ್ದ. ಬೇರೆಯವರ ನಾಯಿ ಆಗಿದ್ದರೆ ಆವತ್ತೇ ಸಾಕು ಎನ್ನುತ್ತಿದ್ದೆ. ನನ್ನ ನಾಯಿ ಆದ್ದರಿಂದ ಇನ್ನೂ ಎರಡು ದಿನ ಎಳೆದೆ. ಆ ಎರಡು ದಿನ ನನಗಾಗಿ. ಅದಕ್ಕೆ ಈಗಲೂ ನೋಯುತ್ತೇನೆ. ನಿಮ್ಮ ಪ್ರಶ್ನೆಗೆ ಪೂರ್ತಿ ಶುದ್ಧ ಉತ್ತರ ಯಾರಿಗೂ ಸಿಗುವುದಿಲ್ಲ. ಅವಳಿಗೆ ಒಳ್ಳೆಯ ದಿನ ಇರುವವರೆಗೆ ಎರಡೂ ಒಂದೇ. ಅದು ಮುಗಿದ ಮೇಲೆ ಉಳಿಸಿಕೊಂಡದ್ದು ನಮಗಾಗಿ.

ಮದ್ದು ಹಿಡಿಯಲಿಲ್ಲ ಎಂದುಕೊಳ್ಳೋಣ. ಆಗ ಮನೆಯಲ್ಲೇ ತಾನಾಗಿ ಹೋಗಲಿ ಎಂದು ನೋಡಿಕೊಳ್ಳಬಹುದು. ಅತ್ತೆಯವರ ಮನಸ್ಸಿಗೆ ಇದೇ ಸರಿ. ನಾನೂ ಕೆಲವು ಮನೆಗಳಲ್ಲಿ ಇದಕ್ಕೆ ಜೊತೆಯಾಗಿದ್ದೇನೆ. ಆದರೆ ನಿದ್ದೆಯಲ್ಲೇ ಹೋಗುವ ನಾಯಿಗಳು ಬಹಳ ಕಡಿಮೆ. ಮೂರು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ತಪ್ಪಿದರೆ ಹುಣ್ಣು. ಮೂತ್ರದಲ್ಲಿ ನೆನೆದ ಚರ್ಮ ಬೇಯುತ್ತದೆ. ನಮ್ಮ ಮಳೆಗಾಲದಲ್ಲಿ ಆ ಹುಣ್ಣಿನ ಮೇಲೆ ನೊಣ ಕೂತರೆ ಒಂದೆರಡು ದಿನದಲ್ಲಿ ಹುಳ. ಈ ದಾರಿ ಹಿಡಿದರೆ ನೋವಿನ ಮದ್ದು ಮಾತ್ರ ಕೊನೆಯವರೆಗೂ ನಿಲ್ಲಿಸಬಾರದು.

ಇನ್ನೊಂದು ದಾರಿ ದಯಾಮರಣ. ಪಾಪವೋ ಅಲ್ಲವೋ ಎಂದು ಹೇಳುವ ಅಧಿಕಾರ ನನಗಿಲ್ಲ. ಅತ್ತೆಯವರ ಜೊತೆ ವಾದ ಮಾಡಬೇಡಿ, ಅವರಿಗೂ ಆ ನಾಯಿಯ ಮೇಲೆ ಪ್ರೀತಿ ಇದೆ. ನಮ್ಮ ದೇವರಕಾಡುಗಳಲ್ಲಿ ಬೇಟೆಯ ದೇವರು ಅಯ್ಯಪ್ಪನಿಗೆ ಮಣ್ಣಿನ ನಾಯಿ ಒಪ್ಪಿಸುತ್ತಾ ಬಂದ ನಾಡು ಇದು. ನಾಯಿಯ ಜೀವ ಇಲ್ಲಿ ಯಾರಿಗೂ ಹಗುರವಲ್ಲ. ಕ್ಯಾಲೆಂಡರಿಗೆ ಗೆರೆ ಹಾಕುವಾಗ ಅವರನ್ನೂ ಕೂರಿಸಿಕೊಳ್ಳಿ. ನಾನು ಕಂಡ ಹಾಗೆ, ಬೇಡ ಎಂದ ಹಿರಿಯರೇ ಒಂದು ದಿನ "ಸಾಕು, ಡಾಕ್ಟರನ್ನು ಕರೀರಿ" ಅಂದಿದ್ದಾರೆ.

ಮಾವನವರ ಮಾತನ್ನೂ ಕಟುಕತನ ಅಂದುಕೊಳ್ಳಬೇಡಿ. ಅವರ ಕಾಲದಲ್ಲಿ ಮೈಲಿಗಟ್ಟಲೆ ದೂರ ಪಶುವೈದ್ಯರೇ ಇರಲಿಲ್ಲ. ಗಾಯಗೊಂಡ ಬೇಟೆ ನಾಯಿಯನ್ನು ನರಳಲು ಬಿಡದಿರುವುದೇ ಅವರಿಗೆ ಗೊತ್ತಿದ್ದ ಕರುಣೆ. ಆದರೆ ಇವತ್ತು ಆ ದಾರಿ ಬೇಡ. ಗುರಿ ಒಂದಿಂಚು ತಪ್ಪಿದರೆ ಆಗುವ ನರಕ ನಾನು ನೋಡಿದ್ದೇನೆ. ಪ್ರಾಣಿಯನ್ನು ಕ್ರೂರವಾಗಿ ಕೊಲ್ಲುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಹಸಿವು ಬಾಯಾರಿಕೆಯಿಂದ ನರಳುವಂತೆ ಎಲ್ಲೋ ಬಿಟ್ಟು ಬರುವುದೂ ಅಪರಾಧವೇ. ಎದ್ದು ಹೋದರು ಎಂದು ಬರೆದಿದ್ದೀರಲ್ಲ, ಬಹುಶಃ ಕಣ್ಣೀರು ತೋರಿಸಲು ಇಷ್ಟವಿರಲಿಲ್ಲ.

ಸೂಜಿ ಎಂದರೆ ವಿಷ ಎಂದು ಎಷ್ಟೋ ಜನ ತಿಳಿದಿದ್ದಾರೆ. ಸರಿಯಾಗಿ ಮಾಡಿದರೆ ಅದು ಆಪರೇಷನ್‌ಗೆ ಕೊಡುವ ಅರಿವಳಿಕೆಯೇ, ಪ್ರಮಾಣ ಮಾತ್ರ ಹೆಚ್ಚು. ಮನೆಗೇ ಬರುವಂತೆ ಡಾಕ್ಟರನ್ನು ಕೇಳಿ. ಅವಳಿಗೆ ಇಷ್ಟವಾದ ಜಾಗದಲ್ಲಿ, ಅವಳ ಗೋಣಿಯ ಮೇಲೆ ಮಲಗಿರಲಿ. ಮೊದಲು ಮಂಪರಿನ ಇಂಜೆಕ್ಷನ್. ಹತ್ತು ಹದಿನೈದು ನಿಮಿಷದಲ್ಲಿ ತಲೆ ನಿಮ್ಮ ತೊಡೆಯ ಮೇಲೆ ಭಾರವಾಗುತ್ತದೆ, ಗೊರಕೆಯೂ ಬರಬಹುದು. ಆಮೇಲೆ ಮುಂಗಾಲಿನ ಸ್ವಲ್ಪ ಕೂದಲು ತೆಗೆದು ರಕ್ತನಾಳಕ್ಕೆ ಎರಡನೇ ಮದ್ದು. ಒಂದೆರಡು ನಿಮಿಷದಲ್ಲಿ ಉಸಿರು ನಿಲ್ಲುತ್ತದೆ, ಬೆನ್ನಿಗೇ ಎದೆಬಡಿತ. ಕಣ್ಣು ತೆರೆದೇ ಇರುತ್ತದೆ. ಮೂತ್ರ ಹೋಗಬಹುದು. ಕೆಲವು ಸಲ ಜೀವ ಹೋದ ಮೇಲೂ ಒಂದೆರಡು ಸಲ ಎದೆ ಏರಿಳಿಯುತ್ತದೆ. ಅದು ಸ್ನಾಯುಗಳ ಸೆಳೆತ, ಅವಳಿಗೆ ಏನೂ ತಿಳಿಯುತ್ತಿರುವುದಿಲ್ಲ. ಇದನ್ನು ಮೊದಲೇ ಹೇಳುತ್ತಿರುವುದು ಆವತ್ತು ನೀವು ಬೆದರಬಾರದೆಂದು. ಡಾಕ್ಟರಿಗೆ ಒಂದು ಪ್ರಶ್ನೆ ತಪ್ಪದೆ ಕೇಳಿ: "ಮೊದಲು ಪ್ರಜ್ಞೆ ತಪ್ಪಿಸ್ತೀರಾ?" ಮೆಗ್ನೀಷಿಯಂ ಸಲ್ಫೇಟ್ ಎದೆಬಡಿತ ನಿಲ್ಲಿಸುವ ಮದ್ದು, ಅರಿವಳಿಕೆ ಅಲ್ಲ, ಎಚ್ಚರ ಇರುವ ನಾಯಿಗೆ ನೇರವಾಗಿ ಅದನ್ನು ಕೊಡುವುದು ಖಂಡಿತ ಸರಿಯಲ್ಲ. ಹೌದು ಎಂದರೆ ಮಾತ್ರ ಮುಂದುವರಿಯಿರಿ. ಮತ್ತೆ, ಆಗುವುದಾದರೆ ಹತ್ತಿರವೇ ಇರಿ. ಮನೆಯವರು ಹೊರಗೆ ಹೋದಾಗ ಎಷ್ಟೋ ನಾಯಿಗಳ ಕಣ್ಣು ಬಾಗಿಲ ಕಡೆಯೇ ಇರುತ್ತದೆ.

ಹೂಳುವ ವಿಷಯದಲ್ಲಿ ಒಂದು ಎಚ್ಚರಿಕೆ. ಆ ಅರಿವಳಿಕೆ ಮದ್ದು ಮೈಯೊಳಗೆ ಬಹಳ ದಿನ ಉಳಿಯುತ್ತದೆ. ಹಂದಿ, ನರಿ, ಬೇರೆ ನಾಯಿ ಅಗೆದು ತಿಂದರೆ ಅವೂ ಸಾಯಬಹುದು. ಗುಂಡಿ ನಾಲ್ಕು ಅಡಿಗೆ ಕಡಿಮೆ ಆಗದಿರಲಿ. ಮೇಲೆ ದೊಡ್ಡ ಕಲ್ಲುಗಳನ್ನು ಹೇರಿ. ಬಾವಿ, ತೋಡು, ಗದ್ದೆಯ ಹತ್ತಿರ ಬೇಡ. ಮಳೆಗಾಲದಲ್ಲಿ ತಗ್ಗಿನಲ್ಲಿ ಎರಡಡಿಗೇ ನೀರು ಬರುತ್ತದೆ, ಏರು ಜಾಗ ನೋಡಿ.

ಮಗನಿಗೆ ಸತ್ಯವನ್ನೇ ಹೇಳಿ. "ನಿದ್ದೆ ಮಾಡಿಸ್ತಾರೆ", "ದೂರ ಕಳಿಸಿದ್ವಿ" ಎಂಬ ಮಾತು ಬೇಡ. ನಿದ್ದೆ ಅಂದರೆ ಮಗು ರಾತ್ರಿ ಮಲಗಲು ಹೆದರುತ್ತದೆ, ದೂರ ಅಂದರೆ ಗೇಟಿನಲ್ಲಿ ಕಾಯುತ್ತದೆ. "ರೂಬಿಯ ಮೈ ಕೆಟ್ಟಿದೆ, ಸರಿ ಮಾಡಲು ಆಗಲಿಲ್ಲ, ಅವಳು ಸಾಯುತ್ತಾಳೆ, ನೋವಾಗದ ಹಾಗೆ ಡಾಕ್ಟರು ನೋಡಿಕೊಳ್ಳುತ್ತಾರೆ." ಎಂಟು ವರ್ಷದವನಿಗೆ ಇಷ್ಟು ಅರ್ಥವಾಗುತ್ತದೆ. ಹತ್ತಿರ ಇರಬೇಕಾ ಬೇಡವಾ ಎಂದು ಅವನನ್ನೇ ಕೇಳಿ. ಬೇಡ ಎಂದರೆ ಒತ್ತಾಯ ಮಾಡಬೇಡಿ. ಇನ್ನೊಂದು ನಾಯಿಗೂ ದೇಹ ಮೂಸಲು ಬಿಡಿ. ನಾಲ್ಕಾರು ದಿನ ಊಟ ಕಡಿಮೆ ಮಾಡಬಹುದು, ಹುಡುಕಬಹುದು. ದಿನದ ಕ್ರಮ ಬದಲಿಸದೆ ಜೊತೆಗಿರಿ.

ಇದೆಲ್ಲ ಮುಂದಿನ ಮಾತು. ನಾಳೆಯ ಕೆಲಸ ಬೇರೆ ಇದೆ. ಬೆಳಗ್ಗೆ ಅವಳು ಮೊದಲ ಸಲ ಮೂತ್ರ ಮಾಡುವಾಗ ತೊಳೆದ ಸೌಟು ಹಿಡಿದು ಸ್ವಲ್ಪ ಹಿಡಿದುಕೊಳ್ಳಿ, ಶುದ್ಧ ಬಾಟಲಿಗೆ ಹಾಕಿ. ಒಂದು ದಿನಕ್ಕೆ ಎಷ್ಟು ಲೀಟರ್ ನೀರು ಕುಡಿಯುತ್ತಾಳೆ ಎಂದು ಅಳೆದು ಬರೆದಿಡಿ. ಅವಳು ಏಳುವುದನ್ನು, ರಾತ್ರಿ ಸುತ್ತುವುದನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಳ್ಳಿ. ಆಸ್ಪತ್ರೆಯ ಹೆದರಿಕೆಗೆ ನಾಯಿಗಳು ಕುಂಟುವುದನ್ನೇ ನಿಲ್ಲಿಸಿಬಿಡುತ್ತವೆ, ಆಗ ಡಾಕ್ಟರಿಗೆ ಏನೂ ಕಾಣುವುದಿಲ್ಲ. ಜೀಪಿಗೆ ಹತ್ತಿಸುವಾಗ ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಗೋಣಿಯ ಮೇಲೆ ಮಲಗಿಸಿ, ಇಬ್ಬರು ಎರಡು ಕಡೆ ಹಿಡಿದು ಎತ್ತಿ. ಒಂದು ತುದಿಗೆ ಮಾವನವರನ್ನು ಕರೆಯಿರಿ.